ಉಚ್ಚಂಗಮ್ಮನ ಎರಡು ತೋಡಿ

ಸಂಗೀತ ಕಛೇರಿಗೆ ಹೋಗುವ ದಿನ ಉಚ್ಚಂಗಮ್ಮ ಕೈಬಳೆ ಬಿಚ್ಚಿಡುತ್ತಾಳೆ. ತಾಳ ಹಾಕುವಾಗ ಪಕ್ಕದವರಿಗೆ ಸದ್ದಾಗಬಾರದು. ಸೀರೆ ಯಾವುದಾದರೂ ಆದೀತು. ಜನ್ನಾಪುರದಿಂದ ಭದ್ರಾವತಿ ಬಸ್ ನಿಲ್ದಾಣಕ್ಕೆ ಒಂದು ಬಸ್ಸು, ಅಲ್ಲಿಂದ ಶಿವಮೊಗ್ಗಕ್ಕೆ ಇನ್ನೊಂದು. ಸಭಾಂಗಣದ ಬಾಗಿಲು ತೆರೆಯುವ ಮೊದಲೇ ತಲುಪಿ, ಪಿಟೀಲಿನವರು ಕೂರುವ ಕಡೆ ಮೂರನೇ ಸಾಲಿನ ತುದಿಯ ಕುರ್ಚಿ ಹಿಡಿಯುತ್ತಾಳೆ. ಬೇರೆಯವರು ಹಾಡುವವರ ಮುಖ ನೋಡಿದರೆ ಅವಳು ಕಮಾನು ಹಿಡಿದ ಕೈ ನೋಡುತ್ತಾಳೆ. ತನಿ ಆವರ್ತನ ಶುರುವಾದ ಕೂಡಲೇ ಕಾಫಿಗೆ ಎದ್ದು ಹೋಗುವವರನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಮೃದಂಗದವನು ಬೆವರು ಸುರಿಸುತ್ತಿರುವಾಗ ಬೆನ್ನು ತಿರುಗಿಸಿ ಹೋಗುವವರ ಮುಖವನ್ನು ನೆನಪಿಟ್ಟುಕೊಂಡು, ಮುಂದಿನ ಕಛೇರಿಯಲ್ಲಿ ಅವರು ಪಕ್ಕದಲ್ಲಿ ಬಂದು ಕೂತರೆ ಸರಿದು ಜಾಗ ಕೊಡುವುದಿಲ್ಲ. ನೆನಪಿಟ್ಟುಕೊಳ್ಳುವುದು ಅವಳ ಸ್ವಭಾವ.

ಈ ಹುಚ್ಚು ಹಿಡಿದದ್ದು ನೆಲ ಒರೆಸುವಾಗ. ಭದ್ರಾವತಿಯ ಕಾರ್ಖಾನೆಯೊಂದರ ಆಫೀಸರುಗಳ ಕ್ಲಬ್ಬಿನಲ್ಲಿ ಅವಳು ಇಪ್ಪತ್ತೆರಡು ವರ್ಷ ಕಸ ಗುಡಿಸಿದಳು. ಗಂಡ ಮಾರಪ್ಪ ಅದೇ ಕಾರ್ಖಾನೆಯ ಕುಲುಮೆಯಲ್ಲಿದ್ದ. ಕ್ಲಬ್ಬಿನ ಕಾರ್ಯದರ್ಶಿ ಒಬ್ಬ ತಮಿಳು ಆಫೀಸರು. ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಕ್ಲಬ್ಬಿನ ಕೋಣೆಯಲ್ಲಿ ರೆಕಾರ್ಡು ಹಾಕಿಕೊಂಡು ಪೇಪರ್ ಓದುತ್ತಿದ್ದರು. ರೆಕಾರ್ಡಿನ ಒಂದು ಮಗ್ಗುಲು ಮುಗಿಯುವವರೆಗೆ ಉಚ್ಚಂಗಮ್ಮ ಆ ಕೋಣೆಯ ಮುಂದಿನ ಪಡಸಾಲೆಯನ್ನೇ ಒರೆಸುತ್ತಿದ್ದಳು. ಒಣಗಿದ ನೆಲವನ್ನು ಮತ್ತೆ ಒರೆಸುವುದು ಆಫೀಸರಿಗೆ ಕಾಣುತ್ತಿತ್ತು. ಕೋಣೆಯ ಬಾಗಿಲು ಮುಚ್ಚುವುದನ್ನು ಅವರು ನಿಲ್ಲಿಸಿದರು. ರಾಗಗಳ ಹೆಸರು ಅವಳಿಗೆ ಆಮೇಲೆ ತಿಳಿಯಿತು. ಮೊದಲು ತಿಳಿದದ್ದು ಯಾವುದರ ನಂತರ ಯಾವುದು ಬರುತ್ತದೆ ಎನ್ನುವುದು, ಮತ್ತು ಬರುವ ಮೊದಲು ಎದೆಯಲ್ಲಿ ಏನಾಗುತ್ತದೆ ಎನ್ನುವುದು.

ಒಂದು ಮಳೆಗಾಲ ಕ್ಲಬ್ಬಿನ ರೆಕಾರ್ಡಿನ ಕಪಾಟು ಸೋರಿತು. ಹೊದಿಕೆಗಳೆಲ್ಲ ಮುದ್ದೆಯಾಗಿ, ನಡುವಿನ ಲೇಬಲ್ಲುಗಳು ತೊಳೆದುಹೋದವು. ಆಫೀಸರು ತಮಗೆ ಬರುತ್ತಿದ್ದಷ್ಟು ಕನ್ನಡದಲ್ಲಿ ಹೆಸರುಗಳನ್ನು ಕಾಗದದ ಚೂರುಗಳ ಮೇಲೆ ಬರೆದುಕೊಟ್ಟರು. ಉಚ್ಚಂಗಮ್ಮ ಮನೆಯಿಂದ ಮೈದಾ ಗೋಂದು ಕುದಿಸಿ ತಂದು ಒಂದೊಂದನ್ನೇ ಅಂಟಿಸಿದಳು. ಅದರಲ್ಲಿ ಎರಡು ಅದಲುಬದಲಾದವು. ಎರಡೂ ಪಿಟೀಲು, ಎರಡೂ ತೋಡಿ ರಾಗ. ಒಂದು ಗುರುವಿನದು, ಇನ್ನೊಂದು ಅವರ ಶಿಷ್ಯ ಶಿವರಾಮ ಎನ್ನುವವರು ಚಿಕ್ಕ ವಯಸ್ಸಿನಲ್ಲಿ ನುಡಿಸಿದ್ದು. ವಾರದೊಳಗೆ ತಾನೇ ಹಾಕಿ ಕೇಳಿದಾಗ ಅವಳಿಗೆ ತಪ್ಪು ಗೊತ್ತಾಯಿತು. ಅಷ್ಟರಲ್ಲಿ ಆಫೀಸರಿಗೆ ವರ್ಗವಾಗಿತ್ತು, ಬೇರೆ ಯಾರೂ ಆ ಕಪಾಟು ತೆಗೆಯುತ್ತಿರಲಿಲ್ಲ. ಅವಳು ಲೇಬಲ್ಲು ಓದಿ ಕೇಳುವವಳಲ್ಲ, ಹಾಗಾಗಿ ಅದು ಹಾಗೇ ಉಳಿಯಿತು.

ಕ್ಲಬ್ಬು ಮುಚ್ಚಿದ ದಿನ, ಗುಜರಿಗೆ ಹಾಕುವ ಬದಲು ನೀನೇ ಒಯ್ಯಿ ಎಂದು ಅವಳಿಗೆ ಕಪಾಟಿನ ಬೀಗದ ಕೈ ಕೊಟ್ಟರು. ಅವಳು ರೆಕಾರ್ಡುಗಳನ್ನೆಲ್ಲ ಹಳೆ ಸೀರೆಗಳಲ್ಲಿ ಸುತ್ತಿ ಆಟೋದಲ್ಲಿ ತಂದಳು. ಓಲ್ಡ್ ಟೌನಿನ ರಿಪೇರಿ ಅಂಗಡಿಯಲ್ಲಿ ಹಳೆಯ ಪ್ಲೇಯರು ಸಿಕ್ಕಿತು. ಮುಂದಿನ ಆರೇಳು ವರ್ಷ ಜನ್ನಾಪುರದ ಆ ಎರಡು ಕೋಣೆಯ ಮನೆಯಲ್ಲಿ ಬೆಳಗ್ಗೆ ಪಿಟೀಲು ಕೇಳಿಸದ ದಿನವಿರಲಿಲ್ಲ.

ಮಧುಸೂದನ ಅವಳನ್ನು ಕಂಡದ್ದು ಶಿವಮೊಗ್ಗದ ಒಂದು ಕಛೇರಿಯಲ್ಲಿ. ಅವರು ನಿವೃತ್ತ ಅಧ್ಯಾಪಕರು, ಊರಿನ ಸಂಗೀತ ಕೂಟವೊಂದರ ಕಾರ್ಯದರ್ಶಿ. ಮೂರನೇ ಸಾಲಿನ ತುದಿಯಲ್ಲಿ ಒಬ್ಬ ಹೆಂಗಸು ಕಷ್ಟದ ಪಲ್ಲವಿಗೆ ತಪ್ಪದೆ ತಾಳ ಹಾಕುತ್ತಿದ್ದದ್ದು ಅವರಿಗೆ ವಿಚಿತ್ರವಾಗಿ ಕಂಡಿತು. ಮಾತಾಡಿಸಿದರು, ರೆಕಾರ್ಡಿನ ವಿಷಯ ತಿಳಿಯಿತು, ಮುಂದಿನ ವಾರವೇ ಕಾರಿನಲ್ಲಿ ಜನ್ನಾಪುರಕ್ಕೆ ಬಂದರು. ಪೆನ್ ಡ್ರೈವಿಗೆ ಹಾಕಿಸಿ ತಿಂಗಳಲ್ಲಿ ತಂದುಕೊಡುತ್ತೇನೆ ಎಂದರು. ಅಷ್ಟು ಓದಿದವರು ತನ್ನ ಮನೆಯ ಚಾಪೆಯ ಮೇಲೆ ಕೂತು ಟೀ ಕುಡಿದರಲ್ಲ ಎನ್ನುವ ಹಿಗ್ಗಿನಲ್ಲಿ ಉಚ್ಚಂಗಮ್ಮ ಒಂದನ್ನೂ ಉಳಿಸಿಕೊಳ್ಳದೆ ಕೊಟ್ಟಳು. ಕಾರಿನ ಡಿಕ್ಕಿ ಮುಚ್ಚುವಾಗ ನೆನಪಾಯಿತು.

"ಸಾರ್, ಅದ್ರಲ್ಲಿ ಪಿಟೀಲಿಂದು ಎರಡು..."

"ಅದೆಲ್ಲ ನಮಗೆ ಬಿಡಮ್ಮ," ಎಂದರು ಮಧುಸೂದನ, ನಗುತ್ತಲೇ. "ನೀನು ಒರೆಸಿ ಇಟ್ಕೊಂಡಿದ್ದೀಯಲ್ಲ, ಅಷ್ಟೇ ದೊಡ್ಡದು."

ಡಿಕ್ಕಿ ಮುಚ್ಚಿ ಕಾರು ಹೊರಟಿತು.

ತಿಂಗಳು ವರ್ಷವಾಯಿತು. ಮೊದಲು ಕೆಲಸ ನಡೀತಿದೆ ಎಂದರು, ಆಮೇಲೆ ಫೋನು ಎತ್ತಲಿಲ್ಲ. ಕೊನೆಗೆ ಕಛೇರಿಯೊಂದರ ಬಾಗಿಲಲ್ಲಿ ತಡೆದು ಕೇಳಿದಾಗ, ಅವಕ್ಕೆ ಬೂಷ್ಟು ಹಿಡಿದಿತ್ತು, ಎಸೆದೆ ಎಂದು ಹೇಳಿ ಒಳಗೆ ಹೋದರು. ಉಚ್ಚಂಗಮ್ಮ ಆ ದಿನ ಕಛೇರಿ ಕೇಳದೆ ವಾಪಸು ಬಸ್ಸು ಹತ್ತಿದಳು. ಹಾಗೆ ಬಂದದ್ದು ಅದೊಂದೇ ಸಲ.

ಅದಾಗಿ ಸುಮಾರು ಎರಡು ವರ್ಷಕ್ಕೆ, ಒಂದು ಬೆಳಗ್ಗೆ ಮಗಳು ಸಂಘಮಿತ್ರಾ ಮೊಬೈಲಿನಲ್ಲಿ ಪತ್ರಿಕೆಯ ಪುಟವೊಂದನ್ನು ತೋರಿಸಿದಳು. ನಲವತ್ತು ವರ್ಷ ಊರೂರು ಅಲೆದು ಅಪರೂಪದ ರೆಕಾರ್ಡುಗಳನ್ನು ಕಲೆಹಾಕಿದ ಮಧುಸೂದನ ಈಗ ದುರ್ಗಿಗುಡಿಯ ತಮ್ಮ ಮನೆಯ ಮಹಡಿಯಲ್ಲಿ ತಿಂಗಳ ಮೊದಲ ಭಾನುವಾರ ರಸಿಕರಿಗೆ ಅವನ್ನು ಕೇಳಿಸುತ್ತಾರೆ ಎಂದಿತ್ತು. ಫೋಟೋದಲ್ಲಿ ಅವರು ಎದೆಗೆ ಹಿಡಿದುಕೊಂಡ ರೆಕಾರ್ಡಿನ ನಡುವೆ, ಅಂಚಿನಲ್ಲಿ ಗೋಂದು ಕಂದಿದ ಕೈಬರಹದ ಲೇಬಲ್ಲು. ಸಂಘಮಿತ್ರಾ ಪೊಲೀಸರ ಹತ್ತಿರ ಹೋಗೋಣ ಎಂದಳು.

"ಏನಂತ ಹೇಳ್ತೀಯ? ಕಸ ಗುಡಿಸೋಳ ಹತ್ರ ರೆಕಾರ್ಡಿತ್ತು ಅಂದ್ರೆ, ಎಲ್ಲಿಂದ ಕದ್ದೆ ಅಂತ ನನ್ನನ್ನೇ ಕೇಳ್ತಾರೆ."

ಮೊದಲ ಭಾನುವಾರ ಅವಳು ದುರ್ಗಿಗುಡಿಗೆ ಹೋದಳು. ಮಹಡಿಯಲ್ಲಿ ಮೂವತ್ತು ಕುರ್ಚಿ, ಗೋಡೆಗೆ ಗಾಜಿನ ಬೀರು, ಅದರೊಳಗೆ ಅವಳ ರೆಕಾರ್ಡುಗಳು ಹೊಸ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಾಲಾಗಿ ನಿಂತಿದ್ದವು. ಅವಳನ್ನು ಕಂಡು ಮಧುಸೂದನರ ಮುಖ ಒಂದು ಗಳಿಗೆ ಬಿಳಿಚಿತು. ನಂತರ, ಬನ್ನಿ, ಸಂಗೀತ ಎಲ್ಲರದ್ದೂ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹಿಂದಿನ ಕುರ್ಚಿ ತೋರಿಸಿದರು. ಅವಳು ಕೂತಳು. ಮುಂದಿನ ತಿಂಗಳೂ ಹೋದಳು, ಅದರ ಮುಂದಿನ ತಿಂಗಳೂ. ಅವಳು ಜಗಳ ತೆಗೆಯುವವಳಲ್ಲ ಎಂದು ಖಾತ್ರಿಯಾದ ಮೇಲೆ ಮಧುಸೂದನ ಅವಳ ಕಡೆ ನೋಡುವುದನ್ನೂ ಬಿಟ್ಟರು.

ಅವಳು ಕಾಯುತ್ತಿದ್ದದ್ದು ಎರಡು ತೋಡಿಗಳಿಗೆ. ರೆಕಾರ್ಡು ಹಾಕುವ ಮೊದಲು ಮಧುಸೂದನ ಲೇಬಲ್ಲು ಓದಿ, ನುಡಿಸಿದವರ ಬಗ್ಗೆ ಹತ್ತು ನಿಮಿಷ ಮಾತಾಡುತ್ತಿದ್ದರು. ಆ ಮಾತಿಗಾಗಿಯೇ ಜನ ಬರುತ್ತಿದ್ದರು. ಒಂದು ದಿನ ಅವರು ಆ ಎರಡನ್ನೂ ತೆಗೆಯಲೇಬೇಕು, ಲೇಬಲ್ಲು ನಂಬಿ ತಪ್ಪು ಹೇಳುವ ಆ ದಿನ ಸುಮ್ಮನೆ ಕಳೆಯಬಾರದು, ತಿಳಿದವರೊಬ್ಬರು ಎದುರಿಗಿರಬೇಕು. ಕೆಲವು ಭಾನುವಾರ ರೆಕಾರ್ಡು ಶುರುವಾದ ಕೂಡಲೇ ಅವಳಿಗೆ ಸಿಟ್ಟೇ ಮರೆತುಹೋಗುತ್ತಿತ್ತು. ತನ್ನದೇ ರೆಕಾರ್ಡು, ಅವರ ಒಳ್ಳೆಯ ಪ್ಲೇಯರಿನಲ್ಲಿ ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಅಂಥ ದಿನ ಬಸ್ಸಿನಲ್ಲಿ ಕೂತು ಅವಳು ತನ್ನ ಮೇಲೆಯೇ ಸಿಡುಕುತ್ತಿದ್ದಳು.

ಹದಿನಾಲ್ಕು ತಿಂಗಳಾದ ಮೇಲೆ ಸುದ್ದಿ ಬಂತು. ರಾಮನವಮಿ ಸಂಗೀತೋತ್ಸವಕ್ಕೆ ಪಿಟೀಲು ವಿದ್ವಾಂಸ ಶಿವರಾಮ ಬರುತ್ತಾರೆ, ಭಾನುವಾರ ಮಧುಸೂದನರ ಮಹಡಿಯಲ್ಲಿ ಅವರಿಗೆ ಸನ್ಮಾನ. ಎಂಬತ್ತೆರಡು ವರ್ಷ, ನುಡಿಸುವುದು ನಿಂತು ಹೋಗಿದೆ, ಕೇಳಲು ಬರುತ್ತಾರೆ. ಉಚ್ಚಂಗಮ್ಮ ಮಗಳನ್ನು ಕೂರಿಸಿಕೊಂಡು ಒಂದು ಕೋರಿಕೆ ಚೀಟಿ ಬರೆಯಲು ಹೇಳಿದಳು. ಕಛೇರಿಗಳಲ್ಲಿ ಕೇಳುಗರು ವೇದಿಕೆಗೆ ಕಳಿಸುವಂಥದ್ದೇ ಚೀಟಿ. ಗುರು ಶಿಷ್ಯರಿಬ್ಬರ ತೋಡಿಯನ್ನೂ ಒಂದರ ಹಿಂದೆ ಒಂದು ಕೇಳಿಸಿ, ಅವುಗಳ ವ್ಯತ್ಯಾಸವನ್ನು ತಾವು ವಿವರಿಸಬೇಕು. ಇಂತಿ ಒಬ್ಬ ಅಭಿಮಾನಿ.

ಸಂಘಮಿತ್ರಾ ಪೆನ್ನು ಕೆಳಗಿಟ್ಟಳು. "ಆ ಅಜ್ಜ ಏನು ಮಾಡಿದಾರಮ್ಮ ನಿಂಗೆ?"

"ಏನೂ ಮಾಡಿಲ್ಲ."

"ಅವರಿಗೂ ತಾಗುತ್ತೆ ಇದು."

"ತಾಗ್ಲಿ. ನೀನು ಬರಿ."

ಆ ಭಾನುವಾರ ಮೆಟ್ಟಿಲ ಮೇಲೂ ಜನ ಕೂತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಮಧುಸೂದನ ಅಂಚೆಯಲ್ಲಿ ಬಂದಿದ್ದ ಚೀಟಿಯನ್ನು ಹೆಮ್ಮೆಯಿಂದ ಓದಿದರು. ಗುರುವಿನ ಹೆಸರಿದ್ದ ರೆಕಾರ್ಡನ್ನು ಮೊದಲು ಹಾಕಿದರು. ಎರಡು ನಿಮಿಷಕ್ಕೆ ಶಿವರಾಮರು ಕಣ್ಣರಳಿಸಿ, ನಾಚಿದವರಂತೆ ಕೈ ಎತ್ತಿದರು. ಅದು ಮೆಚ್ಚುಗೆಯೆಂದುಕೊಂಡು ಮಧುಸೂದನ ತಲೆಬಾಗಿ, ಈ ಪ್ರೌಢಿಮೆ ಗುರುಗಳಿಗಲ್ಲದೆ ಯಾರಿಗೆ ಬಂದೀತು ಎಂದು ಸಭೆಗೆ ವಿವರಿಸಿದರು. ನಂತರ ಎರಡನೆಯದನ್ನು ಹಾಕಿದರು. ಮೊದಲ ಎಳೆಗೇ ಆ ಮುದುಕರು ಕೈಮುಗಿದರು. ಆಲಾಪನೆ ಮೇಲಿನ ಷಡ್ಜದ ಹತ್ತಿರ ಬಂದು, ಮುಟ್ಟದೆ, ಒಂದು ಉಸಿರಿನಷ್ಟು ಹೊತ್ತು ನಿಂತಿತು. ಮಧುಸೂದನ ಅಲ್ಲೇ ಪ್ಲೇಯರಿನ ಮುಳ್ಳು ಎತ್ತಿದರು.

"ತಮ್ಮ ಮುಂದೇನೇ ಹೇಳ್ತಿದ್ದೀನಿ, ಕ್ಷಮಿಸಬೇಕು. ಇದು ತಮ್ಮ ಎಳೆ ವಯಸ್ಸಿಂದು. ಇಲ್ಲಿ ನೋಡಿ, ಕೈ ತಡವರಿಸುತ್ತೆ. ದಾರಿ ಇನ್ನೂ ಸಿಕ್ಕಿಲ್ಲ."

ಶಿವರಾಮರ ಕೈಗಳು ಮುಗಿದ ಹಾಗೇ ಇದ್ದವು. "ಅದು ತಡವರಿಸಿದ್ದಲ್ಲ," ಎಂದರು. "ಅದು ನಮ್ಮ ಗುರುಗಳು. ಮೊದಲು ಹಾಕಿದ್ರಲ್ಲ, ಆ ಗಡಿಬಿಡಿಯದ್ದು, ಅದು ನಾನು."

ಮಧುಸೂದನ ಲೇಬಲ್ಲು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಇದನ್ನು ಮದರಾಸಿನ ಅಂಗಡಿಯೊಂದರಲ್ಲಿ ಹುಡುಕಿ ತೆಗೆದದ್ದು, ಆ ಅಂಗಡಿಯವನೇ ಲೇಬಲ್ಲು ತಪ್ಪಾಗಿ ಅಂಟಿಸಿರಬೇಕು ಎಂದು ತೊದಲಿದರು. ಉಚ್ಚಂಗಮ್ಮ ಎದ್ದು ನಿಂತಳು.

"ಮದರಾಸಿನೋನಲ್ಲ ಸಾರ್. ಅಂಟಿಸಿದ್ದು ನಾನು. ಕಾಗದ ಒದ್ದೆ ಮಾಡಿ ಎಬ್ಬಿಸಿ, ಬೆನ್ನಲ್ಲಿ ಏನಿದೆ ನೋಡಿ."

ಮಧುಸೂದನ ಅಲ್ಲಾಡಲಿಲ್ಲ. ಶಿವರಾಮರು ನೀರಿನ ಲೋಟಕ್ಕೆ ಬೆರಳದ್ದಿ, ಲೇಬಲ್ಲಿನ ಅಂಚನ್ನು ಮೆಲ್ಲಗೆ ಉಜ್ಜಿದರು. ಹಳೆಯ ಮೈದಾ ಗೋಂದು ಬಿಟ್ಟುಕೊಂಡಿತು. ಮಗುಚಿ ಹಿಡಿದು ಓದಿದರು: ಆಫೀಸರುಗಳ ಕ್ಲಬ್ಬು, ಭದ್ರಾವತಿ, ಉಪ್ಪಿಟ್ಟು ಮತ್ತು ಕಾಫಿ, ಒಂದು ಕೂಪನ್. ಮೆಟ್ಟಿಲ ಮೇಲೆ ಯಾರೋ ನಕ್ಕರು. ಉಚ್ಚಂಗಮ್ಮ ನಗಲಿಲ್ಲ. ಕ್ಲಬ್ಬು, ಕಪಾಟು, ಆಟೋ, ಬೂಷ್ಟು ಎಲ್ಲವನ್ನೂ ಒಂದೇ ದನಿಯಲ್ಲಿ, ಪಟ್ಟಿ ಓದಿದ ಹಾಗೆ ಹೇಳಿ ಮುಗಿಸಿದಳು.

"ಅವತ್ತು ಕಾರಿನ ಹತ್ರ ನಿಮಗೆ ಇದನ್ನೇ ಹೇಳೋಕೆ ಬಂದೆ. ಬಿಡಮ್ಮ ಅಂದ್ರಿ. ಬಿಟ್ಟೆ."

ಮಧುಸೂದನ ಗಾಜಿನ ಬೀರುವಿಗೆ ಒರಗಿ ನಿಂತರು. ಹದಿನಾಲ್ಕು ತಿಂಗಳು ಅವಳು ನೋಡಲು ಕಾದಿದ್ದ ಮುಖ ಅದು, ಕಣ್ತುಂಬ ನೋಡಿದಳು. ಆಗ ಶಿವರಾಮರು ಅವಳ ಕಡೆ ತಿರುಗಿದರು.

"ಚೀಟಿ ಬರೆದದ್ದು ನೀವೇನಾ?"

"ಹೂಂ."

"ನಮ್ಮ ಗುರುಗಳನ್ನ ಹೀಗಂತಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಗೋಡೆ ಹಿಡಿದು ಮೆಟ್ಟಿಲಿಳಿದರು. ಅವರ ಪಿಟೀಲನ್ನು ಅವಳು ಮೊದಲು ಕೇಳಿ ಮೂವತ್ತು ವರ್ಷವಾಗಿತ್ತು. ಎದುರು ಸಿಕ್ಕರೆ ಕಾಲು ಮುಟ್ಟಬೇಕೆಂದು ಆಸೆಯಿತ್ತು ಅವಳಿಗೆ. ಅವರು ಪಕ್ಕದಲ್ಲೇ ಹಾದು ಹೋಗುವಾಗ ಬಗ್ಗಲು ಆಗಲಿಲ್ಲ.

ಬುಧವಾರ ಮಧ್ಯಾಹ್ನ ಮಧುಸೂದನರ ಕಾರು ಜನ್ನಾಪುರದ ಓಣಿಗೆ ಬಂತು. ಮಾರಪ್ಪ ರೇಷನ್ ತರಲು ಹೋಗಿದ್ದ, ಸಂಘಮಿತ್ರಾ ಕೆಲಸದಲ್ಲಿದ್ದಳು. ಡಬ್ಬಗಳನ್ನು ಮಧುಸೂದನ ಒಬ್ಬರೇ ಎತ್ತಿ ತಂದು ಜಗಲಿಯ ಮೇಲಿಟ್ಟರು. ಅವಳು ಕೈ ಹಚ್ಚಲಿಲ್ಲ, ನೀರು ಬೇಕಾ ಎಂದೂ ಕೇಳಲಿಲ್ಲ. ಒಂದೊಂದೇ ರೆಕಾರ್ಡು ತೆಗೆದು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಹೊಸ ಗೀರು ಒಂದೂ ಇರಲಿಲ್ಲ. ಜೋಪಾನವಾಗಿಯೇ ಇಟ್ಟುಕೊಂಡಿದ್ದರು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮಧುಸೂದನ ಹೊರಡಲಿಲ್ಲ. ಮೂರು ದಿನದಿಂದ ನಿದ್ದೆ ಮಾಡದ ಕಣ್ಣು. "ಭಾನುವಾರ ನಡುವೆ ಎತ್ತಿಬಿಟ್ಟೆ," ಎಂದರು. "ಗುರುಗಳದ್ದು. ಅವರದ್ದು ಅಂತ ಗೊತ್ತಾದ ಮೇಲೆ ಒಂದ್ಸಲನೂ ಹಾಕೋಕೆ ಧೈರ್ಯ ಬರ್ಲಿಲ್ಲ. ಒಂದೇ ಸಲ ಕೇಳಿ ಹೋಗ್ತೀನಿ. ಇಲ್ಲೇ ಜಗಲಿ ಮೇಲೆ ಕೂತು."

"ನಾಲ್ಕು ವರ್ಷ ನಿಮ್ಮನೇಲೇ ಇತ್ತಲ್ಲ ಸಾರ್. ಆಗ ಕೇಳ್ಬೇಕಿತ್ತು."

ಡಬ್ಬಗಳನ್ನು ಒಳಗೆಳೆದುಕೊಂಡು ಅವಳು ಬಾಗಿಲು ಹಾಕಿದಳು. ಪ್ಲೇಯರಿನ ಮೇಲಿನ ಬಟ್ಟೆ ತೆಗೆದಳು. ಲೇಬಲ್ಲು ಕಿತ್ತುಹೋಗಿ ನಡುವೆ ಬರೀ ಕಪ್ಪು ಉಳಿದಿದ್ದ ಆ ತೋಡಿಯನ್ನು ಸೆರಗಿನಿಂದ ಒರೆಸಿ ಇಟ್ಟು, ಸ್ವಿಚ್ಚು ಒತ್ತಿದಳು. ರೆಕಾರ್ಡು ತಿರುಗತೊಡಗಿತು. ಮುಳ್ಳಿನ ಕೈ ಹಿಡಿದವಳು ಕಿಟಕಿಯತ್ತ ನೋಡಿದಳು. ಮಧುಸೂದನ ಕಾರಿನಲ್ಲಿ ಕೂತಿದ್ದರು. ಗಾಜು ಪೂರ್ತಿ ಇಳಿಸಿ, ತಲೆಯನ್ನು ಈ ಕಡೆಗೆ ವಾಲಿಸಿ, ಕಣ್ಣು ಮುಚ್ಚಿಕೊಂಡಿದ್ದರು.

ಕಿಟಕಿಯ ಎರಡೂ ಬಾಗಿಲು ಎಳೆದು ಅಗುಳಿ ಹಾಕಿದಳು. ಆದರೂ ಹಳೆಯ ಹಲಗೆ. ಸಂದಿಯಿಂದ ಸ್ವರ ಹೊರಗೆ ಹೋಗಿಯೇ ಹೋಗುತ್ತದೆ. ಒಂದು ಎಳೆ ಹೋದರೂ ಆ ಮನುಷ್ಯ ಹಿಡಿದುಕೊಳ್ಳುತ್ತಾನೆ. ನಾಲ್ಕು ವರ್ಷದಿಂದ ಆ ತೋಡಿಗೆ ಅವಳ ಕಿವಿ ಕಾದಿತ್ತು, ಮುಳ್ಳನ್ನು ಇನ್ನೊಂದು ಬೆರಳಿನಷ್ಟು ಇಳಿಸಿದರೆ ಸಾಕು.

ಕಾರು ಹೊರಡುವ ಸದ್ದಿಗೆ ಕಿವಿಗೊಟ್ಟು ಅವಳು ನಿಂತಳು. ಸದ್ದು ಬರಲಿಲ್ಲ. ರೆಕಾರ್ಡು ಸುಮ್ಮನೆ ಸುತ್ತುತ್ತಿತ್ತು, ಅವಳು ಮುಳ್ಳು ಇಳಿಸಲಿಲ್ಲ.