ಖಾಲಿ ಗೆರೆಗೆ ಹಾಕಿದ ಸಹಿ

ನೆಲಮಂಗಲದ ಹೆದ್ದಾರಿ ಬದಿಯಲ್ಲಿ, ಟೈರಿನ ಗೋದಾಮಿಗೂ ಬಿಸ್ಕತ್ತಿನ ಗೋದಾಮಿಗೂ ನಡುವೆ ನಮ್ಮದೊಂದು ತಗಡಿನ ಗೋದಾಮು ಇತ್ತು. ಬೆಂಗಳೂರಿನ ಆಡಿಟ್ ಕಚೇರಿಯೊಂದರ ಹಳೆಯ ಕಡತಗಳೆಲ್ಲ ಅಲ್ಲಿ ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗಿರುತ್ತಿದ್ದವು. ನಮ್ಮೂರು ತೂಬಗೆರೆಯಿಂದ ಎರಡು ಬಸ್ಸು ಬದಲಿಸಿ ಬಂದು ಅವನ್ನು ಕಾಯುವುದೇ ನನ್ನ ಕೆಲಸ. "ಕಾಗ್ದಕ್ಕೇನು ಕಾಲೈತಾ, ಓಡೋಗಕ್ಕೆ?" ಎಂದು ನಮ್ಮತ್ತೆ ನಗುತ್ತಿದ್ದರು.

ಪ್ರತಿ ಪೆಟ್ಟಿಗೆಯ ಮೇಲೂ ಅದನ್ನು ಯಾವ ವರ್ಷದವರೆಗೆ ಇಡಬೇಕೆಂದು ಬರೆದಿರುತ್ತಿತ್ತು. ಅವಧಿ ಮುಗಿದರೆ ಕಾಗದ ಚೂರು ಮಾಡುವವರ ಗಾಡಿ ಬರುತ್ತಿತ್ತು. ರಿಜಿಸ್ಟರಿನಲ್ಲಿ ಪೆಟ್ಟಿಗೆಯ ನಂಬರು, ತಾರೀಕು, ಕೊನೆಗೆ ನನ್ನ ಸಹಿ. ಆ ಗಾಡಿ ನಮ್ಮ ಗೇಟಿನಲ್ಲಿ ಹತ್ತು ನಿಮಿಷ ನಿಂತರೂ ಹಿಂದಿನ ಲಾರಿಗಳು ಹಾರ್ನ್ ಹೊಡೆದು ಕಿವಿ ತೂತು ಮಾಡುತ್ತಿದ್ದವು. ಹಬ್ಬದ ಹಿಂದಿನ ದಿನವೇ ಹೂರಣ ರುಬ್ಬಿಟ್ಟುಕೊಳ್ಳುವವಳು ನಾನು. ಸಹಿಯನ್ನೂ ಹಾಗೇ ಮಾಡಿಕೊಂಡೆ. ಬೆಳಗ್ಗೆಯೇ ಹತ್ತು ಹದಿನೈದು ಖಾಲಿ ಗೆರೆಗಳಿಗೆ ಸಹಿ ಹಾಕಿಡುವುದು, ಗಾಡಿ ಹೋದ ಮೇಲೆ ನಿಧಾನವಾಗಿ ನಂಬರು ತುಂಬುವುದು. ಮಿಕ್ಕ ಗೆರೆಗಳು ಮುಂದಿನ ಸಲಕ್ಕೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ದಿನ ಟಿವಿಯಲ್ಲಿ ಬಂತು. ನಮ್ಮ ಕಚೇರಿಯವರು ಲೆಕ್ಕ ಸರಿಯಿದೆ ಎಂದು ಬರೆದುಕೊಟ್ಟಿದ್ದ ಕಂಪನಿಯೊಂದು, ಆಗದ ವ್ಯಾಪಾರವನ್ನು ಆಗಿದೆ ಎಂದು ತೋರಿಸಿತ್ತಂತೆ. ಮಾರನೆಯ ಮಧ್ಯಾಹ್ನ ನಮ್ಮ ಮ್ಯಾನೇಜರು ತಾವೇ ಗಾಡಿ ಕರೆದುಕೊಂಡು ಬಂದರು.

"ಅಕ್ಕಾ, ಆ ಕಂಪನಿ ಪೆಟ್ಟಿಗೆ ಎಷ್ಟಿವೆ?"

"ಮೂವತ್ತೆಂಟು ಸಾರ್. ಇನ್ನೂ ನಾಲ್ಕು ವರ್ಷ ಇರ್ಬೇಕು ಅವು."

"ಗಾಡಿಗೆ ಹಾಕ್ಸಿ."

"ಟಿವೀಲಿ ಬಂದಿದ್ದು ಇವ್ರದೇ ಅಲ್ವಾ ಸಾರ್? ತನಿಖೆಯವ್ರು ಬಂದು ಕೇಳಿದ್ರೆ?"

ಅವರು ಜೊತೆಗೆ ತಂದಿದ್ದ ರಿಜಿಸ್ಟರು ತೆರೆದು ತೋರಿಸಿದರು. ಹೋದ ತಿಂಗಳ ತಾರೀಕು ಹಾಕಿ, ಒಂದೇ ಗೆರೆಯಲ್ಲಿ ಆ ಮೂವತ್ತೆಂಟು ಪೆಟ್ಟಿಗೆಗಳೂ ಚೂರಿಗೆ ಹೋದವೆಂದು ಬರೆದಿತ್ತು. 'ಗೋದಾಮಿನವರ ಕಣ್ತಪ್ಪಿನಿಂದ ಅವಧಿಗೆ ಮೊದಲೇ' ಎಂದು ಅವರದೇ ಅಕ್ಷರದಲ್ಲಿತ್ತು. ಕೊನೆಯಲ್ಲಿ ನನ್ನ ಸಹಿ. ಹಿಂದಿನ ವಾರ ಸುಮ್ಮನೆ ನೋಡುತ್ತೇನೆಂದು ಅವರು ರಿಜಿಸ್ಟರು ತರಿಸಿಕೊಂಡಿದ್ದರು. ಟಿವಿಯವರಿಗಿಂತ ಮೊದಲೇ ಅವರಿಗೆ ಗೊತ್ತಿತ್ತು!

"ಸೈನ್ ನಿಮ್ದೇ ಅಲ್ವಾ?"

"ನಂದೇ. ಆದ್ರೆ ಪೆಟ್ಟಿಗೆ ಇಲ್ಲೇ ಇವೆಯಲ್ಲ ಸಾರ್!"

"ಅದಕ್ಕೇ ಗಾಡಿ ತಂದಿರೋದು."

ಪೆಟ್ಟಿಗೆ ಹೋದರೆ ಸಾಕ್ಷಿ ನಾಶ ಮಾಡಿದವಳು ನಾನು. ತಡೆದರೆ ಸುಳ್ಳು ದಾಖಲೆಗೆ ಸಹಿ ಹಾಕಿದವಳೂ ನಾನೇ. ಕಾದ ತಗಡಿನ ಕೆಳಗೆ ನಿಂತು ಬೆವರುತ್ತಿದ್ದೆ. ಹೊರಗಿನಿಂದ ಡ್ರೈವರು ಕೂಗಿದ:

"ಅಕ್ಕೋ, ಬೇಗ ತುಂಬ್ಸಿ! ಹಿಂದೆ ಟೈರ್ ಲಾರಿಯವ್ನು ನಮ್ಮಪ್ಪ ತಾತನ್ನೆಲ್ಲ ನೆನೀತಾವ್ನೆ!"

ಫೋನ್ ಬಂತೆಂದು ಮ್ಯಾನೇಜರು ರಿಜಿಸ್ಟರು ಅಲ್ಲೇ ಬಿಟ್ಟು ಆಚೆ ಹೋದರು. ನಾನು ಪೆನ್ನು ತೆಗೆದು ಆ ಗೆರೆಯ ಕೆಳಗೇ ಬರೆದೆ: 'ಮೇಲಿನ ಮೂವತ್ತೆಂಟು ಪೆಟ್ಟಿಗೆಗಳು ಈ ದಿನವೂ ಗೋದಾಮಿನಲ್ಲಿವೆ. ಖಾಲಿ ಗೆರೆಗೆ ನಾನು ಮೊದಲೇ ಸಹಿ ಹಾಕಿದ್ದೆ. ತುಂಬಿದವಳು ನಾನಲ್ಲ.' ತಾರೀಕು ಹಾಕಿ ಸಹಿ ಮಾಡಿದೆ. ಅದನ್ನು ಡ್ರೈವರಿನ ಮುಂದೆ ಹಿಡಿದೆ.

"ಅಣ್ಣಾ, ಪೆಟ್ಟಿಗೆ ತಗೊಂಡೋಗೋದಾದ್ರೆ ಇದ್ರ ಕೆಳಗೆ ನೀವೊಂದು ಸೈನ್ ಹಾಕಿ."

ಅವನು ತುಟಿಯಲ್ಲೇ ಓದಿಕೊಂಡ. "ಅಯ್ಯೋ, ನಂಗ್ಯಾಕಕ್ಕಾ ಕೋರ್ಟು ಕಚೇರಿ? ಮಗಳ ಮದ್ವೆ ಇಟ್ಕೊಂಡಿವ್ನಿ!" ಎಂದವನೇ ಗಾಡಿ ಹಿಂದಕ್ಕೆ ತೆಗೆದ.

ಓಡಿ ಬಂದ ಮ್ಯಾನೇಜರಿಗೂ ಅದೇ ಪುಟ ತೋರಿಸಿದೆ. "ನೀವಾದ್ರೂ ಹಾಕಿ ಸಾರ್." ಅವರು ಪೆನ್ನು ಮುಟ್ಟಲಿಲ್ಲ. "ನಿಮ್ ಕುತ್ಗೆಗೆ ನೀವೇ ಹಗ್ಗ ಹಾಕ್ಕೊಂಡ್ರಿ" ಎಂದು ಕಾರು ಹತ್ತಿದರು. ಆ ಸಂಜೆ ರಿಜಿಸ್ಟರನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಸ್ಸು ಹತ್ತಿದೆ.

ಎರಡು ದಿನಕ್ಕೆ ತನಿಖೆಯವರು ಬಂದು ಪೆಟ್ಟಿಗೆಗಳಿಗೆ ಸೀಲು ಹಾಕಿದರು. ನನ್ನ ಕೆಲಸವೂ ಹೋಯಿತು. ಕರೆ ಬಂದಾಗಲೆಲ್ಲ ಈಗಲೂ ಬೆಂಗಳೂರಿಗೆ ಹೋಗಿ ಅವರ ಮುಂದೆ ಕೂರುತ್ತೇನೆ. ಅಧಿಕಾರಿ ಒಳ್ಳೆಯ ಮನುಷ್ಯ, ಮೊದಲು ಟೀ ಕೊಡಿಸುತ್ತಾರೆ. ಆಮೇಲೆ ರಿಜಿಸ್ಟರಿನ ಹಳೆಯ ಪುಟಗಳನ್ನು ಒಂದೊಂದಾಗಿ ತಿರುವುತ್ತಾರೆ.

"ಈ ಸೈನು ಪೆಟ್ಟಿಗೆ ನೋಡಿ ಹಾಕಿದ್ದಾ, ಮೊದ್ಲೇ ಹಾಕಿದ್ದಾ?"

ಬಗ್ಗಿ ನೋಡುತ್ತೇನೆ. ಎಲ್ಲವೂ ನನ್ನವೇ, ಎಲ್ಲವೂ ಒಂದೇ ಥರ.

"ಗೊತ್ತಾಗ್ತಿಲ್ಲ ಸಾರ್" ಎನ್ನುತ್ತೇನೆ. ಅವರು ಮುಂದಿನ ಪುಟ ತಿರುವುತ್ತಾರೆ.