ಬಣ್ಣದ ಶಾಮಿಯಾನ

ಭಾವನ ಅಂಗಡಿಗೆ ನೀರು ನುಗ್ಗಿದ ಮೇಲೆ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ‘ಇನ್ಶೂರೆನ್ಸ್ ಮಾಡಿಸಿರ್ಲಿಲ್ವಾ?’ ಬಾಗಿಲಲ್ಲೇ ನಿಂತು, ಪ್ಯಾಂಟು ಮೇಲಕ್ಕೆ ಮಡಚಿಕೊಂಡು, ಮೂಗಿಗೆ ಕರ್ಚೀಫು ಹಿಡಿದು ಕೇಳುತ್ತಿದ್ದರು. ಒಳಗೆ ನಾನು, ಅಕ್ಕ, ಭಾವ ಮೂವರೂ ಕೆಸರು ಕುಡಿದು ಬಂಡೆಯಷ್ಟು ಭಾರವಾಗಿದ್ದ ಜಮಖಾನಗಳನ್ನು ಎಳೆಯುತ್ತಿದ್ದೆವು. ಬಂದವರಲ್ಲಿ ಒಬ್ಬರೂ ಇನ್ನೊಂದು ತುದಿಗೆ ಕೈ ಹಾಕಲಿಲ್ಲ. ಫೋಟೋ ಮಾತ್ರ ತೆಗೆದುಕೊಂಡರು.

‘ಆಟೋಗೈತೆ, ನಂಗೈತೆ, ಬಟ್ಟೆಗಿಲ್ಲ ಕಣ್ರೀ’ ಎಂದು ಭಾವ ಪ್ರತಿಯೊಬ್ಬರಿಗೂ ಸಮಾಧಾನದಿಂದಲೇ ಉತ್ತರ ಕೊಡುತ್ತಿದ್ದರು. ಲಗೇಜ್ ಆಟೋಗೆ ಮಾಡಿಸಿದ್ದು ಪೊಲೀಸರು ಹಿಡಿಯುತ್ತಾರೆಂದು. ತಮಗೆ ಮಾಡಿಸಿಕೊಂಡಿದ್ದು ಏಜೆಂಟ್ ನೆಂಟನಾಗಿದ್ದು, ಬೆನ್ನು ಬಿಡಲಿಲ್ಲವೆಂದು. ಅಂಗಡಿಯ ಸಾಮಾನಿಗಾಗಿ ಬೆನ್ನು ಹತ್ತುವವರು ಯಾರೂ ಇರಲಿಲ್ಲ. ಹೀಗಾಗಿ ಅದು ಹಾಗೇ ಉಳಿದುಹೋಗಿತ್ತು.

ಅಜ್ಜಂಪುರದಲ್ಲಿ ಭಾವನದು ಶಾಮಿಯಾನದ ಅಂಗಡಿ. ಮದುವೆ, ನಾಮಕರಣ, ತಿಥಿ, ಯಾವುದಕ್ಕೇ ಆಗಲಿ, ಬಟ್ಟೆ, ಕುರ್ಚಿ, ಪಾತ್ರೆ, ಮೈಕು ಬಾಡಿಗೆಗೆ ಕೊಡುತ್ತಾರೆ. ಅವರ ತಂದೆ ಶುರು ಮಾಡಿದ್ದು. ಆಗ ಅಂಗಡಿಗೆ ಹೋಗಲು ರಸ್ತೆಯಿಂದ ಎರಡು ಮೆಟ್ಟಿಲು ಹತ್ತಬೇಕಿತ್ತು. ರಸ್ತೆಗೆ ಒಂದು ಸಲ ಟಾರು, ಅದರ ಮೇಲೆ ಇನ್ನೊಂದು ಸಲ ಕಾಂಕ್ರೀಟು ಹಾಕಿದ ಮೇಲೆ ಈಗ ಅಂಗಡಿಗೆ ಇಳಿದು ಹೋಗಬೇಕು. ಮಿಕ್ಕಿದ ಮಣ್ಣನ್ನು ಕೆಲಸದವರು ಚರಂಡಿಗೇ ದೂಡಿ ಹೋಗಿದ್ದರು. ತೆಗೆಸಿ ಎಂದು ಕೇಳಿ ಕೇಳಿ ಸಾಕಾಗಿತ್ತು. ಆಷಾಢದ ಒಂದು ರಾತ್ರಿ ಬಿದ್ದ ಮಳೆಗೆ ಊರಿನ ನೀರೆಲ್ಲ ಹಾದಿ ಹುಡುಕಿಕೊಂಡು ಭಾವನ ಗೋಡೌನಿಗೆ ಬಂತು. ಆಷಾಢದಲ್ಲಿ ಮದುವೆಗಳಿಲ್ಲವಾದ್ದರಿಂದ ಒಂದು ಹಗ್ಗವೂ ಹೊರಗಿರಲಿಲ್ಲ, ಎಲ್ಲವೂ ಒಳಗೇ ಇತ್ತು.

ಈ ಕಸುಬಿನ ಒಂದು ಕಟ್ಟುಪಾಡನ್ನು ಇಲ್ಲೇ ಹೇಳಬೇಕು. ಶಾಮಿಯಾನದಲ್ಲಿ ಎರಡು ಬಗೆ. ಸಾವಿನ ಮನೆಗೆ ಬಿಳಿಯದು, ಶುಭಕಾರ್ಯಕ್ಕೆ ಬಣ್ಣದ್ದು. ಒಂದನ್ನು ಇನ್ನೊಂದಕ್ಕೆ ತಾಗಿಸುವುದೂ ಇಲ್ಲ, ಅವುಗಳ ಹಗ್ಗ, ಗೂಟ ಕೂಡ ಬೇರೆ ಬೇರೆ. ಬಿಳಿಯವು ನೆಲದ ಮೇಲೆ ಹಿಂದಿನ ಮೂಲೆಯಲ್ಲಿದ್ದವು. ಚರಂಡಿ ನೀರಿನಲ್ಲಿ ನೆನೆದು ಹಾಳಾದವು. ಜಮಖಾನಗಳು ಹೋದವು, ಆಂಪ್ಲಿಫೈಯರು, ಸೌಂಡ್ ಬಾಕ್ಸುಗಳು ಹೋದವು. ಅಟ್ಟದ ಮೇಲಿದ್ದ ಒಂದೇ ಒಂದು ಬಣ್ಣದ ಸೆಟ್ಟು ಒಂದು ಹನಿಯೂ ತಾಗದೆ ಉಳಿಯಿತು. ಹೋದ ವರ್ಷ ಸಾಲ ಮಾಡಿ ತಂದಿದ್ದು. ಕಡುಗೆಂಪು ಬಟ್ಟೆ, ಅಂಚಿಗೆ ಚಿನ್ನದ ಬಣ್ಣದ ಜಾಲರು, ಜಾಲರಿನ ತುಂಬ ನವಿಲುಗಳು.

ಅಕ್ಕ ಆ ಅಟ್ಟ ನೋಡಿಯೇ ಅವತ್ತು ಅಳು ನಿಲ್ಲಿಸಿದ್ದು. ಶ್ರಾವಣದ ಮೊದಲ ಮುಹೂರ್ತಕ್ಕೆ ತರೀಕೆರೆಯಲ್ಲಿ ಒಂದು ದೊಡ್ಡ ಮದುವೆ ಒಪ್ಪಿಕೊಂಡಿದ್ದರು. ಮನೆ ಮುಂದಿನ ಬಯಲಿನಲ್ಲೇ ಎಲ್ಲ ಕಾರ್ಯ. ಹುಡುಗಿಯ ತಂದೆ ಆ ನವಿಲಿನ ಬಟ್ಟೆಯನ್ನು ನೋಡಿಯೇ ಬುಕ್ ಮಾಡಿದ್ದರು. ‘ಈ ಮದ್ವೆ ಒಂದು ಕೈ ಹಿಡಿದ್ರೆ ಮಿಕ್ಕಿದ್ನೆಲ್ಲ ಮೆಲ್ಲಗೆ ಮಾಡ್ಕೋಬೋದು. ಇದೂ ಹೋದ್ರೆ ಬಾಗಿಲು ಹಾಕೋದೇ’ ಎಂದಳು ಅಕ್ಕ. ಆ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ನಾನು ಕಡೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. ರಜೆ ಹಾಕಿ ಹೋದವನು ಆ ದಿನಗಳಲ್ಲಿ ಮಾಡಿದ್ದು ಎರಡೇ ಕೆಲಸ, ಬಟ್ಟೆ ಒಗೆಯುವುದು, ಜಗಳ ಆಡುವುದು. ಒಂದು ಶಾಮಿಯಾನ ಒಗೆಯುವುದೆಂದರೆ ಒಂದು ಮನೆಯ ಸೂರನ್ನೇ ಒಗೆದಂತೆ. ಹರಡಲು ಜಾಗ ಬೇಕು. ಜಾಗ ಸಿಕ್ಕರೆ ಬಿಸಿಲಿಲ್ಲ, ಬಿಸಿಲು ಬಂದು ಹರಡಿ ಮುಗಿಸುವಷ್ಟರಲ್ಲಿ ಮೋಡ. ಮೂರು ಸಲ ಸೋಪಿನ ಪುಡಿ ಹಾಕಿ ಒಗೆದರೂ ಬಿಳಿಯ ಬಟ್ಟೆಯಿಂದ ಚರಂಡಿಯ ನಾತ ಬಿಡಲಿಲ್ಲ. ಹರಿದಲ್ಲಿ ಅಕ್ಕ ಹೊಲಿದಳು, ಹೊಲಿದ ಕಡೆಯೇ ಮತ್ತೆ ಹರಿಯಿತು.

ಜಗಳ ಕಚೇರಿಗಳಲ್ಲಿ. ಪರಿಹಾರದ ಮಹಜರಿಗೆಂದು ಬಂದವರು ಗೋಡೆ ಮುಟ್ಟಿ ನೋಡಿ, ‘ಗೋಡೆ ಬಿದ್ದಿಲ್ವಲ್ಲ’ ಎಂದರು. ಗಟ್ಟಿ ಗೋಡೆ ಕಟ್ಟಿಸಿದ್ದೇ ತಪ್ಪಾಯಿತೇನೋ ಎನ್ನಿಸಿತು. ‘ಮನೆ ಆಗಿದ್ರೆ ಬರ್ಕೋಬೋದಿತ್ತು ಸಾರ್, ಅಂಗ್ಡಿ ಸಾಮಾನಿಗೆ ಬರಲ್ಲ.’ ರಸ್ತೆ ಎತ್ತರ ಮಾಡಿದ್ದು ಯಾರು ಎಂದು ಕೇಳಿದರೆ ಅದು ನಮ್ಮದಲ್ಲ ಎಂದರು. ಯಾರದ್ದೆಂದು ಹುಡುಕಿಕೊಂಡು ಹೋದಲ್ಲಿ, ರಸ್ತೆ ನಮ್ಮದು, ಚರಂಡಿ ಅವರದ್ದು ಎಂದರು. ನಾನು ಬಾಯಿಗೆ ಬಂದಂತೆ ಬಯ್ದೆ. ಭಾವ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದು, ‘ಬಾರೋ ಮಾರಾಯ, ಟೀ ಕುಡಿಯೋಣ’ ಎಂದರು. ಆ ಸಮಾಧಾನ ನೋಡಿದರೆ ನನಗೆ ಇನ್ನಷ್ಟು ರೇಗುತ್ತಿತ್ತು. ನೀರು ನುಗ್ಗಿದ್ದು ನನ್ನ ಅಂಗಡಿಗೋ ಅವರ ಅಂಗಡಿಗೋ ಎಂದು ಒಮ್ಮೊಮ್ಮೆ ಅನುಮಾನ ಬರುತ್ತಿತ್ತು.

ರಜೆ ಮುಗಿದು ನಾನು ಕಡೂರಿಗೆ ವಾಪಸಾದ ಎರಡನೇ ದಿನ ಅಕ್ಕನ ಫೋನು ಬಂತು.

‘ನಿಮ್ ಭಾವ ಬಣ್ಣದ್ ಶಾಮಿಯಾನನ ಸಾವಿನ ಮನೆಗೆ ಹಾಕ್ಬಂದವ್ರೆ ಕಣೋ.’

ಹಿಂದಿನ ಬೀದಿಯ ಅಜ್ಜಿಯೊಬ್ಬರು ಬೆಳಗಿನ ಜಾವ ತೀರಿಕೊಂಡಿದ್ದರಂತೆ. ಅವರ ಮಗ ಬಂದು ಬಾಗಿಲಲ್ಲಿ ನಿಂತ. ಅಜ್ಜಿಯನ್ನು ಮನೆ ಮುಂದೆ ಕೂರಿಸಿದ್ದಾರೆ, ಅಷ್ಟು ದಿನ ಬಾರದ ಬಿಸಿಲು ಅವತ್ತು ಸುಡುತ್ತಿದೆ, ಮಗಳು ದೂರದಿಂದ ಬರುವುದು ಸಂಜೆಗೆ. ಬಿಳಿಯದು ಹಾಳಾಗಿದೆ ಎಂದು ಅಕ್ಕ ಹೇಳುತ್ತಿದ್ದಂತೆಯೇ ಭಾವ ಅಟ್ಟ ಹತ್ತಿದ್ದರಂತೆ.

ನಾನು ಭಾವನಿಗೆ ಫೋನು ಕೊಡಲು ಹೇಳಿ, ಶಾಲೆಯ ಕಾರಿಡಾರಿನಲ್ಲೇ ನಿಂತು ಕೂಗಾಡಿದೆ. ಮಕ್ಕಳು ಕಿಟಕಿಯಿಂದ ಇಣುಕಿದರು.

‘ಒಗೆದಿದ್ದ ಬಿಳೀದೇ ಕೊಡಬಹುದಿತ್ತಲ್ಲ ಭಾವ?’

‘ಚರಂಡಿ ವಾಸ್ನೆ ಹೊಡೀತೈತಲ್ಲೋ. ಅದ್ರ ಕೆಳ್ಗೆ ಅಜ್ಜೀನ ಕೂರಿಸ್ತಾರೇನೋ?’

‘ಬೇರೆ ಅಂಗಡಿಗೆ ಕಳಿಸಬೇಕಿತ್ತು!’

‘ಸಾವಿನ್ ಮನೆಯೋರ್ನ ನಮ್ಮಪ್ಪ ಒಂದಿನಾನೂ ವಾಪಸ್ ಕಳಿಸ್ಲಿಲ್ಲ. ನಾನ್ ಕಳಿಸ್ಲಾ?’

‘ಮದುವೆ ಇದೆಯಲ್ಲ, ಅದರ ಗತಿ?’

‘ಬಟ್ಟೆಗೇನ್ ಗೊತ್ತಾಯ್ತದೋ, ಯಾವ್ದು ಮದ್ವೆ ಯಾವ್ದು ಸಾವು ಅಂತ? ಒಗ್ದು ಒಣಗಿಸಿದ್ರಾಯ್ತು, ಬಿಡು.’

ತಲೆ ಚಚ್ಚಿಕೊಂಡೆ. ಇಷ್ಟು ವರ್ಷ ಇದೇ ಕಸುಬು ಮಾಡಿದವರಿಗೆ ಇಷ್ಟೂ ತಿಳಿಯದೆ? ಮೆದುವಾದ ಮನುಷ್ಯ ಎಂದುಕೊಂಡಿದ್ದೆ, ಬರೀ ಮೆದುವಲ್ಲ, ಪೆದ್ದು ಕೂಡ ಎಂದು ಅವತ್ತು ತೀರ್ಮಾನಿಸಿದೆ. ಮೈಲಿಗಟ್ಟಲೆ ಬಟ್ಟೆ ಒಗೆದು ನನ್ನ ಬೆನ್ನು ಹೋಗಿತ್ತು, ಉಳಿದಿದ್ದ ಒಂದನ್ನು ಅವರು ಒಂದು ಬೆಳಿಗ್ಗೆಯಲ್ಲಿ ಕಳೆದಿದ್ದರು.

ಕಳೆದಿದ್ದರೆಂಬುದು ಮರುದಿನವೇ ಖಾತ್ರಿಯಾಯಿತು. ಅಜ್ಜಿಯ ಮೊಮ್ಮಗನೊಬ್ಬ ಫೋನಿನ ಸ್ಟೇಟಸ್ಸಿಗೆ ಫೋಟೋ ಹಾಕಿದ್ದ. ಹೂವಿನ ನಡುವೆ ಕೂತ ಅಜ್ಜಿ, ಮೇಲೆ ಸಾಲಾಗಿ ಚಿನ್ನದ ನವಿಲುಗಳು. ಅದು ಕೈಯಿಂದ ಕೈಗೆ ಹೋಗಿ ತರೀಕೆರೆಯನ್ನು ಮುಟ್ಟಿತು. ಹುಡುಗಿಯ ಮನೆಯವರು ಅಕ್ಕನಿಗೆ ಫೋನು ಮಾಡಿ ಬೇರೆಯವರಿಗೆ ಹೇಳಿಕೊಳ್ಳುತ್ತೇವೆ ಎಂದರು. ಅಕ್ಕ ನನಗೆ ಹೇಳಿದ್ದು ಒಂದೇ ಮಾತು: ‘ನೀನೊಂದ್ಸಲ ಹೋಗಿ ಮಾತಾಡು. ನಿನ್ಗೆ ಮಾತು ಬರ್ತದೆ.’

ಭಾನುವಾರ ತರೀಕೆರೆಗೆ ಹೋದೆ. ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಹುಡುಗಿಯ ತಂದೆ ಕೂರಿಸಿ ಕಾಫಿ ಕೊಟ್ಟರು. ಜಗಳಗಂಟರಾಗಿದ್ದರೆ ನನಗೆ ಸಲೀಸಾಗುತ್ತಿತ್ತು, ಅವರು ಒಳ್ಳೆಯವರಾಗಿದ್ದರು. ನೀರು ನುಗ್ಗಿದ್ದು, ವಿಮೆ ಇಲ್ಲದ್ದು, ಈ ಒಂದು ಮದುವೆಯ ಮೇಲೆ ಅಂಗಡಿ ನಿಂತಿರುವುದು, ಎಲ್ಲ ಹೇಳಿದೆ. ಪಾಠ ಮಾಡುವ ದನಿಯಲ್ಲಿ, ಬಟ್ಟೆಗೇನು ಗೊತ್ತು ಎಂಬ ಭಾವನ ಮಾತನ್ನೇ ನನ್ನದೆಂಬಂತೆ ಹೇಳಿದೆ. ಇದೆಲ್ಲ ಮೂಢನಂಬಿಕೆ ಎಂದೂ ಸೇರಿಸಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು:

‘ಮೇಷ್ಟ್ರೇ, ನಿಮ್ಗೆ ಹೆಣ್ಮಕ್ಳು ಅವ್ರಾ?’

‘ಒಬ್ಬಳಿದ್ದಾಳೆ.’

‘ಅವಳ ಮದ್ವೇಲಿ ಇದೇ ಬಟ್ಟೆ ಕೆಳ್ಗೆ ಧಾರೆ ಎರೀತೀರಾ? ಎರೀತೀನಿ ಅನ್ನಿ, ನಾಳೆನೇ ನಿಮ್ಮ ಆಟೋ ಬರ್ಲಿ. ನಾನೂ ನಮ್ಮನೆಯೋರ್ಗೆ ಏನಾದ್ರೂ ಹೇಳಿ ಒಪ್ಪಿಸ್ತೀನಿ.’

ಅಷ್ಟು ಸುಲಭವಾಗಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಒಳಗಿನ ಕೋಣೆಯಲ್ಲಿ ಮದುಮಗಳು ಯಾರ ಜೊತೆಗೋ ನಗುತ್ತಿದ್ದುದು ಕೇಳುತ್ತಿತ್ತು. ನನ್ನ ಮಗಳ ಮುಖ ಕಣ್ಣ ಮುಂದೆ ಬಂತು, ಅವಳ ತಲೆಯ ಮೇಲೆ ಆ ನವಿಲುಗಳೂ ಬಂದವು. ಅವರು ನನ್ನ ಮುಖ ನೋಡುತ್ತ ಕಾದರು, ನಾನು ಲೋಟ ಕೆಳಗಿಟ್ಟು ಎದ್ದೆ. ಬಾಗಿಲವರೆಗೂ ಬಂದು ಕಳಿಸಿದರು.

ಅಜ್ಜಂಪುರಕ್ಕೆ ಬಂದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅಕ್ಕನಿಗೆ ತಡೆಯಲಾಗಲಿಲ್ಲ. ‘ಒಂದು ಸುಳ್ಳು ಹೇಳಕ್ಕಾಗ್ಲಿಲ್ವೇನೋ ನಿನ್ಗೆ? ಆಫೀಸ್ನಲ್ಲೆಲ್ಲ ಅಷ್ಟೊಂದು ಬಾಯಿ ಮಾಡ್ತಿದ್ದೆ!’

ಭಾವ ಗೂಟಗಳ ಮಣ್ಣು ಕೆರೆಯುತ್ತ ಕೂತಿದ್ದರು. ತಲೆ ಎತ್ತದೆ ಹೇಳಿದರು:

‘ಬಿಡೇ, ಅವನ್ನ ಬಯ್ಬೇಡ. ನನ್ನ ಕೇಳಿದ್ರೂ ಹೂಂ ಅಂತಿರ್ಲಿಲ್ಲ. ಆ ಬಟ್ಟೆ ಕೆಳ್ಗೆ ನಾನೂ ಮಗಳ ಧಾರೆ ಎರೀತಿರ್ಲಿಲ್ಲ.’

‘ಮತ್ತೆ ಬಟ್ಟೆಗೇನ್ ಗೊತ್ತು ಅಂದಿರಿ?’ ಎಂದೆ ನಾನು.

‘ನೀನು ಫೋನಲ್ಲಿ ಹಂಗೆ ಕಿರುಚ್ತಿದ್ದೆ. ಏನಾದ್ರೂ ಅನ್ಬೇಕಿತ್ತಲ್ಲ.’

‘ಹಾಗಾದ್ರೆ ಕಟ್ಟೋವಾಗ್ಲೇ ಗೊತ್ತಿತ್ತಾ, ಮದುವೆ ಕೈ ಬಿಡುತ್ತೆ ಅಂತ?’

‘ಗೊತ್ತಿಲ್ದೆ ಏನು, ಇದೇ ಕೆಲ್ಸ ಅಲ್ವೇನೋ ನಂದು’ ಎಂದು ಭಾವ ಇನ್ನೊಂದು ಗೂಟ ಕೈಗೆತ್ತಿಕೊಂಡರು.

ನನಗೆ ಮೈಯೆಲ್ಲ ಉರಿದುಹೋಯಿತು. ದಡ್ಡತನದಿಂದ ಕಳೆದುಕೊಂಡಿದ್ದರೆ ಚೆನ್ನಾಗಿ ಬಯ್ದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಗೊತ್ತಿದ್ದೂ ಕೊಟ್ಟವರನ್ನು ಏನೆಂದು ಬಯ್ಯುವುದು?