ಅಂಗೈ ಪಿಸ್ತೂಲಿನ ತೂತು

ಜಂಬ ಕೊಚ್ಚಿಕೊಳ್ಳುವುದಕ್ಕೂ ಒಂದು ವಯಸ್ಸಾಗಬೇಕು. ಐವತ್ತೆಂಟು ದಾಟಿದ ಮೇಲೆ ನನಗೆ ಆ ಧೈರ್ಯ ಬಂದಿದೆ. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ: ಟೈ ಕಟ್ಟಿಕೊಂಡು ವಿಮಾನದಲ್ಲಿ ಬಂದಿಳಿದ ಒಬ್ಬ ಪರಿಣತನನ್ನು, ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ವಾಚು ರಿಪೇರಿ ಮಾಡುವ ನಾನು ಸೋಲಿಸಿದ್ದೇನೆ. ವಾಚಿನ ವಿಷಯದಲ್ಲಲ್ಲ, ಪಿಸ್ತೂಲಿನ ವಿಷಯದಲ್ಲಿ. ದೀಪಾವಳಿಯಲ್ಲಿ ಪಕ್ಕದ ಮನೆಯ ಮಕ್ಕಳು ಕೇಪು ಹೊಡೆದರೂ ಕಿವಿ ಮುಚ್ಚಿಕೊಳ್ಳುವ ಆಸಾಮಿ ನಾನು. ಗೆಲುವಿನ ರುಚಿ ಇಮ್ಮಡಿಯಾದದ್ದು ಬಹುಶಃ ಅದರಿಂದಲೇ.

ನನ್ನನ್ನು ಇದರೊಳಗೆ ಎಳೆದು ತಂದವನು ಹಂಝ. ಉಳ್ಳಾಲದ ಕಡೆಯ ಬ್ಯಾರಿ. ಇಲ್ಲಿನ ಒಬ್ಬ ವೃದ್ಧ ಅರಬರ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಕಾರು, ಕೀಲಿಕೈ, ಕಾಗದಪತ್ರ ಎಲ್ಲವೂ ಅವನೇ. ಆ ಹಿರಿಯರನ್ನು ನಾವೆಲ್ಲ ಬಾಬಾ ಎನ್ನುತ್ತೇವೆ; ಅವರ ಗಡಿಯಾರ ಕೆಟ್ಟರೆ ಹಂಝ ನನ್ನನ್ನು ಕರೆದೊಯ್ಯುತ್ತಾನೆ. ಬಾಬಾನಿಗೆ ಹಳೆಯ ಗಡಿಯಾರಗಳ ಹುಚ್ಚು, ಹಳೆಯ ಕಾಫಿ ಕೂಜಗಳ ಹುಚ್ಚು. ಎರಡು ವರ್ಷದ ಹಿಂದೆ ಅದಕ್ಕೊಂದು ಪಿಸ್ತೂಲು ಸೇರಿತು. ಪರವಾನಗಿ ಎಲ್ಲ ಸರಿಯಾಗಿತ್ತು. ಹೆದರುವ ನನ್ನ ಸ್ವಭಾವ ಗೊತ್ತಿದ್ದ ಹಂಝ ಅದನ್ನು ಮೂರು ಸಲ ಹೇಳಿದ.

ಅಂಗೈಯಲ್ಲಿ ಅಡಗುವ ಪಿಸ್ತೂಲದು. ವಾಲ್‌ನಟ್ ಮರದ ಹಿಡಿ, ಹೆಬ್ಬೆರಳಿನಷ್ಟುದ್ದದ ನಳಿಗೆ. ಜೊತೆಗೊಂದು ಹಳದಿ ಬಣ್ಣದ ಕಾಗದ. ಯುರೋಪಿನ ಯಾವುದೋ ಸಣ್ಣ ಸಂಸ್ಥಾನದ ಮಂತ್ರಿಯನ್ನು ಚರ್ಚಿನ ಮೆಟ್ಟಿಲ ಮೇಲೆ ಕೊಂದದ್ದು ಇದೇ ಪಿಸ್ತೂಲು, ಅಂದಿನಿಂದ ಯಾರೂ ಇದನ್ನು ಬಿಚ್ಚಿಲ್ಲ, ಬದಲಿಸಿಲ್ಲ ಎಂದು ಅದರಲ್ಲಿ ಬರೆದಿತ್ತು.

ಅದನ್ನು ನೋಡಿದ ಮೇಲೆ ಊಟದ ಬಿಡುವಿನಲ್ಲಿ ನಾನು ಫೋನಿನಲ್ಲಿ ಇದೇ ವಿಷಯ ಹುಡುಕತೊಡಗಿದೆ. ಇಂಥ ಪಿಸ್ತೂಲುಗಳನ್ನು ಮಾಡಿದ್ದು ಹೆದರುವವರಿಗಾಗಿಯಂತೆ: ದಾರಿಗಳ್ಳರ ಭಯವಿದ್ದ ಪ್ರಯಾಣಿಕರು ಕೋಟಿನ ಜೇಬಿನಲ್ಲಿಟ್ಟುಕೊಳ್ಳಲೆಂದು. ಅಂದರೆ ನನ್ನಂಥವರಿಗೆ. ಆದರೆ ದೊಡ್ಡ ಮನುಷ್ಯರ ಹತ್ತಿರ ದೊಡ್ಡ ಬಂದೂಕು ಹಿಡಿದು ಹೋಗಲಾಗುವುದಿಲ್ಲವಲ್ಲ. ಹಾಗಾಗಿ ಈ ಪುಟಾಣಿಗಳು ಕೊಲೆಗಾರರ ಕೈ ಸೇರಿದವು. ಅಮೆರಿಕದ ಅಧ್ಯಕ್ಷನೊಬ್ಬನನ್ನು ನಾಟಕ ನೋಡುತ್ತಿದ್ದಾಗ ಹಿಂದಿನಿಂದ ಬಂದು ಕೊಂದದ್ದು ಒಂದೇ ಗುಂಡಿನ ಇಂಥದೇ ಪಿಸ್ತೂಲು. ಕೊಂದವನು ಸ್ವತಃ ನಟ. ಅದಕ್ಕೂ ಹಿಂದೆ ಇನ್ನೊಬ್ಬ ಅಧ್ಯಕ್ಷನಿಗೆ ಒಬ್ಬ ಒಂದಾದ ಮೇಲೊಂದು ಎರಡು ಪಿಸ್ತೂಲು ಗುರಿಯಿಟ್ಟ. ಎರಡೂ ಹಾರಲಿಲ್ಲ. ಮುದುಕ ಅಧ್ಯಕ್ಷ ಊರುಗೋಲು ಎತ್ತಿ ಅವನಿಗೇ ಬಾರಿಸಿದ. ಇದನ್ನು ಓದಿ ನಾನು ಅಂಗಡಿಯಲ್ಲಿ ಒಬ್ಬನೇ ನಕ್ಕೆ. ವಾಚಿನ ಬೆಲ್ಟು ಕೊಳ್ಳಲು ಬಂದಿದ್ದ ಫಿಲಿಪೀನೊ ಹೆಂಗಸು ಬೆಲ್ಟು ಕೊಳ್ಳದೆಯೇ ಹೊರಟುಹೋದಳು.

ಆದರೆ ಬಾಬಾನ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಬಾಬಾನ ಅಕ್ಕ ಆಮ್ನಾ, ಎಂಬತ್ತರ ಹತ್ತಿರದವರು, ತಾಯಿಯ ಜಾಗದಲ್ಲಿ ನಿಂತು ತಮ್ಮನನ್ನು ಬೆಳೆಸಿದವರು. ಪಿಸ್ತೂಲು ಮಜ್ಲಿಸಿಗೆ, ಅಂದರೆ ಮನೆಯ ಬೈಠಕ್ಕಿಗೆ ಬಂದ ದಿನದಿಂದ ಅವರು ಅಲ್ಲಿಗೆ ಕಾಲಿಡಲಿಲ್ಲ. "ಮನುಷ್ಯನ ಜೀವ ತೆಗೆದ ವಸ್ತುವಿನ ಪಕ್ಕ ಕೂತು ನಾನು ಕಾಫಿ ಕುಡಿಯಲಾರೆ" ಎಂದರಂತೆ. ದಿನವೂ ಸಂಜೆಯ ಅಸರ್ ನಮಾಜಿನ ನಂತರ ಅಕ್ಕ ತಮ್ಮ ಕೂಡಿ ಕಾಫಿ ಕುಡಿಯುವ ವಾಡಿಕೆ ಹಾಗೆ ನಿಂತುಹೋಯಿತು. ಈಗ ದುಬೈಯ ಒಂದು ಪ್ರದರ್ಶನದವರು ಆ ಪಿಸ್ತೂಲನ್ನು ಕೇಳಿದ್ದರು. ಪರಿಣತನೊಬ್ಬ ಬಂದು ಅಸಲಿ ಎಂದರೆ ಸಾಕು, ಬಾಬಾನ ಹೆಸರಿನಲ್ಲೇ ಅದನ್ನು ಇಡುವವರಿದ್ದರು. ಹಾಗಾದರೆ ತಾನು ಅಲ್ ಐನ್ ಊರಿನಲ್ಲಿರುವ ಮಗನ ಮನೆಗೆ ಹೊರಟೆ ಎಂದು ಅಕ್ಕ ಪೆಟ್ಟಿಗೆ ಕಟ್ಟಿಟ್ಟಿದ್ದರು.

ಪರಿಣತ ಬಂದ ಮಧ್ಯಾಹ್ನವೇ ನಾನೂ ಗೋಡೆ ಗಡಿಯಾರ ನೇತುಹಾಕಲು ಹೋಗಿದ್ದೆ. ಏಣಿಯ ಮೇಲಿಂದ ಎಲ್ಲ ಕೇಳಿಸುತ್ತಿತ್ತು. ಆತ ಕಾಗದ ನೋಡಿದ, ಹಿಡಿ ನೋಡಿದ, ನಳಿಗೆಯ ಮೇಲಿನ ಮುದ್ರೆ ನೋಡಿದ. ಎಲ್ಲವೂ ಆ ಕಾಲದ್ದೇ ಎಂದ. ಇಂಥ ಪಿಸ್ತೂಲಿನ ಬೆನ್ನಿನ ಮೇಲೆ, ನಡುವೆ ತೂತಿರುವ ಸಣ್ಣದೊಂದು ತಿರುಪು ಮೊಳೆಯಿರುತ್ತದೆ. ಅದರ ಮೇಲೆ ತಾಮ್ರದ ಕೇಪು ಕೂರಿಸಿ, ಪಿಸ್ತೂಲಿನದೇ ಪುಟ್ಟ ಸುತ್ತಿಗೆ ಬಡಿದರೆ ಕಿಡಿ ಮೊಳೆಯ ತೂತಿನಲ್ಲಿ ಇಳಿದು ಒಳಗಿನ ಮದ್ದನ್ನು ಹೊತ್ತಿಸಬೇಕು. ಆತ ಅಲ್ಲಿ ಬೆಳಕು ಬಿಟ್ಟು, "ತೂತು ಮಸಿಯಿಂದ ಕಟ್ಟಿಕೊಂಡಿದೆ. ಗುಂಡು ಹಾರಿದ್ದಕ್ಕೆ ಇದೇ ಸಾಕ್ಷಿ" ಎಂದ.

ನಾನು ಏಣಿಯಿಂದ ಇಳಿದೆ. ಯಾಕೆ ಇಳಿದೆನೋ ಇಂದಿಗೂ ಗೊತ್ತಿಲ್ಲ. ನಲವತ್ತು ವರ್ಷ ಕಟ್ಟಿಕೊಂಡ ತೂತುಗಳನ್ನೇ ಬಿಡಿಸುತ್ತ ಬದುಕಿದವನಿಗೆ ಆ ಮಾತು ಕೇಳಿ ಕೈ ತಡೆಯಲಿಲ್ಲ ಎನ್ನಬೇಕು.

"ಬಾಬಾ, ನಾನೊಮ್ಮೆ ನೋಡಲಾ?" ಎಂದೆ ಹಿಂದಿಯಲ್ಲಿ.

ಹಂಝ ನನ್ನ ತೋಳು ಹಿಡಿದು ಎಳೆದ. "ಆಚಾರ್ರೆ, ನಿಮಗೆಂತ ಮರ್ಲಾ? ಗಡಿಯಾರ ತೂಗ್ಹಾಕಿ ಸುಮ್ನೆ ಬನ್ನಿ ಮಾರಾಯ್ರೆ. ನಿಮ್ದೂ ವೀಸಾ ಉಂಟು, ನಂದೂ ಉಂಟು."

ಪರಿಣತ ಮುಗುಳ್ನಕ್ಕ. "ಇದು ಗೋಡೆ ಗಡಿಯಾರ ಅಲ್ಲ" ಎಂದ.

ಬಾಬಾ ಇಬ್ಬರನ್ನೂ ನೋಡಿದರು. ನನ್ನ ಕೈಯಲ್ಲಿ ತಮ್ಮ ಹನ್ನೊಂದು ಗಡಿಯಾರಗಳು ಬದುಕಿದ್ದು ಅವರಿಗೆ ನೆನಪಾಗಿರಬೇಕು. "ಯಲ್ಲಾ, ದೇಖೋ" ಎಂದರು.

ಕಣ್ಣಿಗೆ ಮಸೂರ ಸಿಕ್ಕಿಸಿದೆ. ನನ್ನಲ್ಲಿರುವ ತೀರ ತೆಳುವಾದ ತಂತಿಯನ್ನು ಮೊಳೆಯ ತುದಿಗೆ ಹಿಡಿದೆ. ಕೊಳೆ ತುಂಬಿದ ತೂತಿಗೆ ತಂತಿ ತಾಗಿದರೆ ಬೆರಳಿಗೊಂದು ಮೆತ್ತನೆಯ ಭಾವ ಬರುತ್ತದೆ, ಚೂರು ಮಸಿಯೂ ಉದುರುತ್ತದೆ. ಇಲ್ಲಿ ಟಿಕ್ ಎಂದು ನಿಂತಿತು. ಮತ್ತೆ ಒತ್ತಿದೆ, ಮತ್ತೆ ಟಿಕ್. ಇದು ಕಟ್ಟಿಕೊಂಡ ತೂತಾಗಿರಲಿಲ್ಲ. ತೂತೇ ಇರಲಿಲ್ಲ.

"ಮೊಳೆಯನ್ನು ಆಮೇಲೆ ಯಾರೋ ಬದಲಿಸಿರಬಹುದು" ಎಂದ ಪರಿಣತ. ನಗು ಸ್ವಲ್ಪ ಕಡಿಮೆಯಾಗಿತ್ತು.

ಅದು ನ್ಯಾಯವಾದ ಮಾತೇ. ಎಣ್ಣೆಯ ಒಂದು ಹನಿ ಬಿಟ್ಟು ಕಾದೆವು. ಬಾಗಿಲ ಪರದೆಯಾಚೆ ಬಳೆಯ ಸದ್ದು ಕೇಳಿಸಿತು. ಆಮ್ನಾ ಬಂದು ನಿಂತಿದ್ದರು. ಮೊಳೆ ಬದಲಾಗಿದ್ದು, ಕೆಳಗೆ ತೂತು ಸಿಕ್ಕರೆ ನಾನು ಮತ್ತೆ ಆ ಮನೆಯ ಮುಖ ನೋಡುವಂತಿರಲಿಲ್ಲ. ಹಂಝನ ಇಪ್ಪತ್ತು ವರ್ಷದ ಮರ್ಯಾದೆಯೂ ನನ್ನೊಡನೆ ಹೋಗುತ್ತಿತ್ತು. ಸಣ್ಣ ಇಕ್ಕಳದಿಂದ ತಿರುಗಿಸಿದೆ. ಮೊಳೆ ಒಮ್ಮೆ ಕಿರುಗುಟ್ಟಿ ಬಿಚ್ಚಿಕೊಂಡಿತು.

ಕೆಳಗೆ ಇಡೀ ಗಟ್ಟಿ ಉಕ್ಕು. ನಳಿಗೆಗೆ ದಾರಿಯೇ ಇಲ್ಲ. ನಡುವೆ ಸಾಸಿವೆಗಿಂತ ಚಿಕ್ಕದೊಂದು ಚುಕ್ಕಿ ಮಾತ್ರ: ಇಲ್ಲಿ ಕೊರೆಯಬೇಕು ಎಂದು ಮಾಡಿದವನು ಉಳಿಯಿಂದ ಕುಟ್ಟಿಟ್ಟ ಗುರುತು. ಕೊರೆಯಲೇ ಇಲ್ಲ. ಊಟಕ್ಕೆ ಎದ್ದನೋ, ಜ್ವರ ಬಂತೋ, ಯಜಮಾನನ ಜೊತೆ ಜಗಳವಾಯಿತೋ, ದೇವರೇ ಬಲ್ಲ. ಮುಗಿಯದ ಪಿಸ್ತೂಲನ್ನು ಯಾರೋ ಉಜ್ಜಿ, ಕಥೆಯೊಂದನ್ನು ಅಂಟಿಸಿ ಮಾರಿದ್ದರು.

ಪರಿಣತ ನನ್ನ ಮಸೂರವನ್ನೇ ಕೇಳಿ ಪಡೆದು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮಸೂರ ಹಿಂತಿರುಗಿಸಿ ಕೈ ಚಾಚಿದ. "ಇದು ಹುಟ್ಟಿದಾಗಿನಿಂದ ಒಂದು ಗುಂಡೂ ಹಾರಿಸಿಲ್ಲ. ನಾನು ಮೊಳೆ ಬಿಚ್ಚಬೇಕಿತ್ತು" ಎಂದ. ಸೋತವನು ಅಷ್ಟು ಚೆಂದವಾಗಿ ಸೋತರೆ ಗೆದ್ದವನಿಗೆ ಬೀಗಲು ನಾಚಿಕೆಯಾಗಬೇಕು. ನನಗಾಗಲಿಲ್ಲ.

ಬಾಬಾನ ಮುಖವನ್ನು ನೋಡುವ ಧೈರ್ಯ ಮಾತ್ರ ಇರಲಿಲ್ಲ. ಅವರ ಹೆಮ್ಮೆಯ ವಸ್ತುವನ್ನು ನಾನು ಐದು ನಿಮಿಷದಲ್ಲಿ ಆಟಿಕೆ ಮಾಡಿದ್ದೆ. ಅಷ್ಟರಲ್ಲಿ ಪರದೆ ಸರಿಯಿತು. ಆಮ್ನಾ ನೇರ ಒಳಗೆ ಬಂದು ಪಿಸ್ತೂಲನ್ನು ಅಂಗೈಯಲ್ಲಿ ತೆಗೆದುಕೊಂಡರು; ಗೂಡಿನಿಂದ ಬಿದ್ದ ಹಕ್ಕಿಮರಿಯನ್ನು ಹಿಡಿಯುವ ಹಾಗೆ. "ಮಿಸ್ಕೀನ್, ಪಾಪ. ಸುಮ್ಮನೆ ಇದರ ಮೇಲೆ ಕೊಲೆ ಹೊರಿಸಿದರಲ್ಲ" ಎಂದರು. ತಮ್ಮನ ಪಕ್ಕದಲ್ಲಿ ಕೂತು, "ಕಾಫಿ ಎಲ್ಲಿ?" ಎಂದು ಗದರಿದರು.

ಬಾಬಾ ನಗತೊಡಗಿದರು. ಭುಜ ಕುಣಿಯುವಷ್ಟು ನಕ್ಕರು. "ಖಲಾಸ್! ಪ್ರದರ್ಶನವೂ ಖಲಾಸ್, ಪೆಟ್ಟಿಗೆ ಕಟ್ಟಿದ್ದೂ ಖಲಾಸ್!" ಎಂದು ಹಂಝನ ಬೆನ್ನು ತಟ್ಟಿದರು. ಹಂಝ ಹೊರಗೆ ಬಂದವನೇ ನನ್ನನ್ನು ಅಪ್ಪಿಕೊಂಡು, "ಆಚಾರ್ರೆ, ಇನ್ನು ಮೇಲೆ ನೀವು ಯಾವ ಏಣಿಯಿಂದ ಬೇಕಾದ್ರೂ ಇಳಿಯಿರಿ" ಎಂದ.

ಮನೆಗೆ ಹೋಗಿ ಹೆಂಡತಿಗೆ ವೀರಾವೇಶದಿಂದ ಎಲ್ಲ ವರ್ಣಿಸಿದೆ. ಮಗಳು ಫೋನಿನಿಂದ ತಲೆಯೆತ್ತದೆ, "ಸೋ ಅಪ್ಪಾ, ಯು ವನ್ ಬಿಕಾಸ್ ನಥಿಂಗ್ ಹ್ಯಾಪನ್ಡ್?" ಎಂದಳು. ಹೌದು ಮಗಳೇ. ಏನೂ ನಡೆದಿಲ್ಲ ಎಂದು ತೋರಿಸಿದ್ದೇ ನನ್ನ ಗೆಲುವು.

ಪಿಸ್ತೂಲು ಈಗಲೂ ಆ ಮಜ್ಲಿಸಿನಲ್ಲಿದೆ, ಮೊದಲಿಗಿಂತ ಒಳ್ಳೆಯ ಜಾಗದಲ್ಲಿ. ಬಂದವರೆಲ್ಲ ಅದನ್ನು ಕೈಗೆತ್ತಿಕೊಂಡು ಆಸೆಯಿಂದ ಕೇಳುತ್ತಾರೆ, ಇದು ಯಾರನ್ನು ಕೊಂದದ್ದು ಎಂದು. ಬಾಬಾನಿಗೆ ಬಾಯಿ ತೆರೆಯಲೂ ಬಿಡದೆ ಆಮ್ನಾ ಕಾಫಿ ಬಟ್ಟಲು ಕೆಳಗಿಟ್ಟು, ಮೊಮ್ಮಗ ಶಾಲೆಗೇ ಮೊದಲಿಗನಾಗಿ ಪಾಸಾದ ಎಂದು ಹೇಳುವ ಅಜ್ಜಿಯ ಧಾಟಿಯಲ್ಲಿ, ತಲೆಯೆತ್ತಿ ಉತ್ತರ ಕೊಡುತ್ತಾರೆ: "ಒಬ್ಬನನ್ನೂ ಇಲ್ಲ!"